ಒಳಗಿರುವವರ ಸಂಖ್ಯೆ

ಸತ್ತವರು ಮನೆಗೆ ಬರುವ ಓಬೊನ್ ಹಬ್ಬದ ರಜೆಗೆಂದು ಎಲ್ಲರೂ ಊರಿಗೆ ಹೋಗಿದ್ದರು. ಹೋಗಲು ಊರಿಲ್ಲದ ನಾನು ನಮ್ಮ ನಿಗಾಟಾ ಕಚೇರಿಯ ಕಂಪ್ಯೂಟರ್ ಕೋಣೆಯಲ್ಲಿ ಒಬ್ಬನೇ ಕೂತು, ಹಳೆಯ ವರದಿಗಳಲ್ಲಿ ಬೇಕಾದ್ದನ್ನು ಹುಡುಕಿಕೊಡುವ ನಿಯಮವೊಂದನ್ನು ಕಂಪ್ಯೂಟರಿಗೆ ಬರೆಯುತ್ತಿದ್ದೆ. ಕೋಣೆಯೊಳಗೆ ಎಷ್ಟು ಜನರಿದ್ದಾರೆಂದು ಬಾಗಿಲಿನ ಯಂತ್ರ ದಿನವೂ ದಾಖಲಿಸುವ ವರದಿಗಳವು. ಪರೀಕ್ಷೆಗೆಂದು ಹಿಂದಿನ ಓಬೊನ್ ದಿನಗಳಲ್ಲಿ ‘ಸೊನ್ನೆ’ ಹುಡುಕಿದೆ. ಸಿಗಲಿಲ್ಲ. ಪ್ರತಿವರ್ಷವೂ ‘ಒಂದು’ ಎಂದೇ ಇತ್ತು.

ಮೇಲಧಿಕಾರಿ ಕುವಾಬಾರಾಗೆ ಫೋನ್ ಮಾಡಿದೆ.

“ರಜೇಲಿ ಆ ಕೋಣೆಗೆ ಬೀಗ ಹಾಕಿರ್ತೀವಿ ಕಣಯ್ಯಾ! ನಿನ್ನ ನಿಯಮಾನೇ ತಪ್ಪು. ಇವತ್ತಿಂದು ನೋಡು, ಒಂದು ಅಂತಿರ್ಬೇಕು. ನೀನಿದ್ದೀಯಲ್ಲ!”

ನೋಡಿದೆ. ಎರಡು ಎಂದಿತ್ತು.

ಪಕ್ಕದ ಕುರ್ಚಿ ಮುಟ್ಟಿದೆ. ಆ ತಣ್ಣನೆಯ ಕೋಣೆಯಲ್ಲಿ ಅದೊಂದೇ ಬೆಚ್ಚಗಿತ್ತು.

ಬಾಗಿಲಿನ ಯಂತ್ರಕ್ಕೆ ನನ್ನ ಕಾರ್ಡ್ ತೋರಿಸಿ ಹೊರಬಂದೆ. ಒಳಗಿರುವವರ ಸಂಖ್ಯೆ ತೋರಿಸುವ ಬಾಗಿಲ ಮೇಲಿನ ಅಂಕಿ ಒಂದಕ್ಕಿಳಿದು ನಿಂತಿತು. ದೀಪ ಆರಿಸಲು ನನಗೆ ಮನಸ್ಸು ಬರಲಿಲ್ಲ.