ಕಾರಣ ಕೇಳದ ಚೀಟಿ

ಬೆಡ್‌ಶೀಟು ಮಡಿಸುವುದು ಒಬ್ಬರ ಕೈಯಲ್ಲಿ ಆಗುವ ಕೆಲಸವಲ್ಲ. ಆಸ್ಪತ್ರೆಗಳ ಬಟ್ಟೆ ಒಗೆಯುವ ಆ ಲಾಂಡ್ರಿಯಲ್ಲಿ ಅವರಿಬ್ಬರನ್ನು ಎದುರುಬದುರು ನಿಲ್ಲಿಸಿದ್ದೇ ಅದು. ಆ ಕಡೆಯ ಎರಡು ಮೂಲೆ ಅವನ ಕೈಯಲ್ಲಿ, ಈ ಕಡೆಯವು ಅವಳ ಕೈಯಲ್ಲಿ. ಜಾಡಿಸಿ, ಎಳೆದು, ನಾಲ್ಕು ಹೆಜ್ಜೆ ಒಬ್ಬರ ಕಡೆಗೊಬ್ಬರು ನಡೆದು ಮೂಲೆಗೆ ಮೂಲೆ ಕೂಡಿಸಬೇಕು.

"ಬಿಡು, ನಾನು ಹಿಡ್ಕೊಂಡಿದೀನಿ," ಎನ್ನುತ್ತಿದ್ದ ಅವನು.

"ನೀನು ಹಿಡ್ಕೊಂಡಿರೋದು ಮೂಲೆ ಅಲ್ಲ, ನನ್ನ ಬೆರಳು."

"ಹೌದಾ? ಬಿಸಿ ಇತ್ತು, ಶೀಟೇ ಅಂದ್ಕೊಂಡೆ."

ಇಸ್ತ್ರಿ ಯಂತ್ರದ ಮುಂದೆ ನಿಂತಿರುತ್ತಿದ್ದ ಹಿರಿಯಳನ್ನು ಎಲ್ಲರೂ ಇಸ್ತ್ರಿ ಅಕ್ಕ ಎನ್ನುತ್ತಿದ್ದರು. "ಶೀಟು ಮಡಿಸ್ತೀರೋ, ಸಂಸಾರ ಹೂಡ್ತೀರೋ?" ಎಂದು ಅವಳು ಕೂಗಿದರೆ ಹಬೆಯ ನಡುವೆ ಇಬ್ಬರ ಮುಖವೂ ಕೆಂಪೇರುತ್ತಿತ್ತು.

ಎರಡು ವರ್ಷಕ್ಕೆ ಅವನು ಸೂಪರ್‌ವೈಸರ್ ಆದ. ಗಾಜಿನ ಕೋಣೆ ಬಂತು. ಕೆಲಸದ ನಡುವೆ ಹೊರಗೆ ಹೋಗುವವರಿಗೆ ಕೊಡುವ ಹಳದಿ ಚೀಟಿಯ ಪುಸ್ತಕವೂ ಬಂತು. ಚೀಟಿಯಲ್ಲಿ ಹೆಸರು, ಹೋಗುವ ಹೊತ್ತು, ಬರುವ ಹೊತ್ತು, ಕಾರಣ. ಮೊದಲ ದಿನವೇ ಅವನು ಎಲ್ಲರನ್ನೂ ಕರೆದು ಹೇಳಿದ: "ಕಾರಣದ ಜಾಗ ಖಾಲಿ ಬಿಡಿ. ಕಷ್ಟದಲ್ಲಿರೋರ ಬಾಯಿ ಬಿಡಿಸೋದು ಬೇಡ."

ಹಾಗೇ ನಡೆದುಕೊಂಡ ಕೂಡ. ಸೊಂಟ ಹಿಡಿದವರಿಗೆ ಕುರ್ಚಿ ಹಾಕಿಸಿದ, ಬಾಣಂತಿಗೆ ಹಗುರ ಕೆಲಸ ಕೊಟ್ಟ. "ಪುಣ್ಯ ಮಾಡಿದೀಯ ಕಣೇ," ಎಂದಳು ಇಸ್ತ್ರಿ ಅಕ್ಕ. ಇವಳಿಗೆ ಹೆಮ್ಮೆಯಿಂದ ನೆಲದ ಮೇಲೆ ಕಾಲು ನಿಲ್ಲಲಿಲ್ಲ.

ಮನೆಯಲ್ಲಿ ಅವಳ ಅಮ್ಮನಿಗೆ ಮರೆವು. ಹೆತ್ತ ಮಗಳ ಗುರುತು ಹತ್ತದೆ ಒಂದು ವರ್ಷವಾಗಿತ್ತು. ಜೊತೆಗೆ ಚಿಕ್ಕಮ್ಮ ಇರುತ್ತಿದ್ದಳು. ಒಂದು ದಿನ ಬೆಳಗ್ಗೆ ಹತ್ತೂವರೆಗೆ ಚಿಕ್ಕಮ್ಮನ ಫೋನು.

"ಬೇಗ ಬಾರೇ! ನಿಮ್ಮಮ್ಮನಿಗೆ ಎಲ್ಲಾ ನೆನಪಾಗಿದೆ. ನಿನ್ನೇ ಕೇಳ್ತಿದಾಳೆ, ಮಗು ಊಟ ಮಾಡ್ತಾ ಅಂತ."

ಒದ್ದೆ ಕೈ ಒರೆಸಿಕೊಳ್ಳುತ್ತಾ ಗಾಜಿನ ಕೋಣೆಗೆ ಓಡಿ ಒಂದೇ ಉಸಿರಿಗೆ ಹೇಳಿದಳು. "ಎರಡೇ ಗಂಟೆ ಸಾಕು."

ಅವನು ಪೆನ್ನು ತೆಗೆದ. ಗಾಜಿನಾಚೆ ಇಬ್ಬರು ಇವರನ್ನೇ ನೋಡಿ ಮುಸಿಮುಸಿ ನಕ್ಕರು. ಪೆನ್ನು ಅಲ್ಲೇ ನಿಂತಿತು.

"ಬೆಳಗ್ಗೆಯಿಂದ ನಾಲ್ಕು ಜನಕ್ಕೆ ಕೊಟ್ಟಿದೀನಿ. ಐದನೇದು ನಿನಗೇ ಕೊಟ್ರೆ, ತನ್ನವಳು ಅಂತ ಬಿಟ್ಟ ಅಂತಾರೆ. ನೀನಾದ್ರೆ ಅರ್ಥ ಮಾಡ್ಕೊಳ್ತೀಯ. ನಾಲ್ಕಕ್ಕೆ ಶಿಫ್ಟ್ ಮುಗಿಯುತ್ತಲ್ಲ?"

"ಅಮ್ಮನ ನೆನಪಿಗೆ ಶಿಫ್ಟ್ ಗೊತ್ತಾ?"

ಅವನು ಪುಸ್ತಕ ಮುಚ್ಚಿದ. ಚೀಟಿಯಿಲ್ಲದೆ ಗೇಟು ದಾಟಿದರೆ ಕೆಲಸ ಹೋಗುತ್ತಿತ್ತು. ಅಮ್ಮನ ಔಷಧಿ ನಡೆಯುತ್ತಿದ್ದುದು ಅದರಿಂದಲೇ. ಅವಳು ಹಿಂದಿರುಗಿ ಬಂದು ಶೀಟು ಮಡಿಸಿದಳು.

ಸಂಜೆ ಮನೆ ಸೇರಿದಾಗ ಅಮ್ಮ ತಲೆ ಬಾಚಿಸಿಕೊಂಡು ಬಾಗಿಲ ಬಳಿ ಕೂತಿದ್ದಳು. ಇವಳು ಪಕ್ಕದಲ್ಲಿ ಕೂರಲು ಹೋದರೆ ಕೈಯಿಂದ ತಡೆದಳು.

"ಯಾರಮ್ಮ ನೀನು? ಅಲ್ಲಿ ಕೂರಬೇಡ, ನನ್ನ ಮಗಳು ಬರ್ತಾಳೆ."

"ಮಧ್ಯಾಹ್ನ ಎರಡು ಗಂಟೆವರೆಗೂ ನಿನ್ನ ಹೆಸರು ಹಿಡಿದು ಕರೀತಿದ್ಲು," ಎಂದು ಚಿಕ್ಕಮ್ಮ ಗೋಡೆಯ ಕಡೆ ತಿರುಗಿದಳು.

ಮರುದಿನ ಇಸ್ತ್ರಿ ಅಕ್ಕನಿಂದ ವಿಷಯ ತಿಳಿದು ಅವನೇ ಮಡಿಸುವ ಮೇಜಿಗೆ ಬಂದ. ಸಹಿ ಹಾಕಿದ ಚೀಟಿಯನ್ನು ಎಲ್ಲರ ಎದುರೇ ಚಾಚಿದ. ಅವನ ಕಣ್ಣು ಊದಿತ್ತು.

"ತಪ್ಪಾಯ್ತು. ಹೋಗು, ಎಷ್ಟು ದಿನ ಬೇಕೋ ಅಷ್ಟು ಅಮ್ಮನ ಜೊತೆ ಇರು."

"ನಿಮ್ಮದು ದೊಡ್ಡ ಮನಸ್ಸು, ಸರ್."

"ಸರ್ ಅನ್ಬೇಡ. ನಿನ್ನ ಮೇಲೆ ನನಗೆ ಪ್ರಾಣ. ನಿನಗೆ ಗೊತ್ತಿಲ್ವಾ?"

"ಗೊತ್ತು. ಅದಕ್ಕೇ ತಾನೇ ನಿನ್ನೆ ಚೀಟಿ ಸಿಗ್ಲಿಲ್ಲ? ಇಸ್ತ್ರಿ ಅಕ್ಕ ಕೇಳಿದ್ದಿದ್ರೆ ಕೊಟ್ಟಿರ್ತಿದ್ರಿ." ಅವಳ ದನಿ ಏರಲಿಲ್ಲ. "ಎಲ್ಲರ ಮೇಲೂ ಕರುಣೆ ಇತ್ತು ನಿಮಗೆ. ನನ್ನ ಸರದಿ ಬಂದಾಗ ಆ ಕರುಣೆ ನಿಮ್ಮ ಒಳ್ಳೇ ಹೆಸರಿನ ಪಾಲಾಯ್ತು."

"ಇನ್ನೊಂದು ಸಲ ಹಾಗಾಗಲ್ಲ."

"ಅಮ್ಮನಿಗೆ ಇನ್ನೊಂದು ಸಲ ನೆನಪಾದ್ರೆ ತಾನೇ? ಮನೆ ಹತ್ತಿರದ ಹೋಟೆಲಲ್ಲಿ ಪಾತ್ರೆ ತೊಳೆಯೋ ಕೆಲಸ ಇದೆ. ಅಲ್ಲಿಗೆ ಸೇರ್ಕೊಳ್ತೀನಿ. ಅಮ್ಮ ಕೂಗಿದ್ರೆ ಕೇಳಿಸುತ್ತೆ."

ಮೇಜಿನ ಮೇಲೆ ಒಂದು ಶೀಟು ಉಳಿದಿತ್ತು. ಅಭ್ಯಾಸಬಲದಿಂದ ಅವನು ಎರಡು ಮೂಲೆ ಹಿಡಿದ, ಇವಳೂ ಹಿಡಿದಳು. ಜಾಡಿಸಿದರು. ಅವನು ನಾಲ್ಕು ಹೆಜ್ಜೆ ನಡೆದು ಬಂದ. ಅವನ ಬೆರಳು ತಲುಪುವ ಮೊದಲೇ ಅವಳು ಕೈಬಿಟ್ಟಳು. ಒಗೆದ ಶೀಟು ನೆಲಕ್ಕೆ ಬಿತ್ತು.

ಗೇಟಿನಲ್ಲಿ ವಾಚ್‌ಮನ್ ಅವಳು ಕೊಟ್ಟ ಚೀಟಿಯನ್ನು ತಿರುಗಿಸಿ ನೋಡಿದ. "ಬರೋ ಹೊತ್ತು ಬರೆದಿಲ್ವಲ್ಲಮ್ಮ?"

ಅವಳು ಅವನ ಪೆನ್ನು ಇಸಿದುಕೊಂಡು ಆ ಜಾಗದಲ್ಲಿ ಉದ್ದಕ್ಕೆ ಒಂದು ಗೆರೆ ಎಳೆದಳು.

"ಯಾಕಮ್ಮ, ಏನಾಯ್ತು?"

"ಕಾರಣ ಕೇಳೋ ಹಾಗಿಲ್ಲ ಅಣ್ಣ," ಎಂದಳು. "ನಮ್ಮ ಸೂಪರ್‌ವೈಸರ್ ತುಂಬಾ ಒಳ್ಳೆಯವರು."