ಹತ್ತನೇ ತಾರೀಕಿನ ಸ್ಕ್ಯಾನ್

ಆಗಸ್ಟ್ ಹದಿಮೂರು, ಬೆಳಿಗ್ಗೆ ಏಳೂವರೆ. ತೆಕ್ಕಲಕೋಟೆ ಠಾಣೆಗೆ ದೂರು ಕೊಡಲು ಬಂದ ಹೊನ್ನೂರಸ್ವಾಮಿ ಪಿಎಸ್‌ಐ ಸರೋಜಾಳ ಎದುರು ಕುಳಿತ. ಹೆಂಡತಿ ಪಾರಮ್ಮ ನಸುಕಿನಲ್ಲಿ ಉಸಿರುಕಟ್ಟಿ ಸತ್ತಿದ್ದಳು. ಕೈ ಕೆಸರಾದರೆ ಬಾಯಿ ಮೊಸರು ಎಂದು ಗಾದೆ ಕಟ್ಟಿದವರು ನಾಟಿ ಹಚ್ಚುವವರ ಕಾಲು ನೋಡಿರಲಿಕ್ಕಿಲ್ಲ. ಇಪ್ಪತ್ತು ವರ್ಷ ಗದ್ದೆಯಲ್ಲಿ ನಿಂತು ಪಾರಮ್ಮನ ಕಾಲಿನ ನರಗಳು ಉಬ್ಬಿದ್ದವು. ವಾರದ ಹಿಂದೆ ಬಳ್ಳಾರಿಯ ಖಾಸಗಿ ಆಸ್ಪತ್ರೆಯಲ್ಲಿ ಆ ನರಗಳೊಳಗೆ ವೈದ್ಯಕೀಯ ಅಂಟು ತುಂಬಿ ಮುಚ್ಚಿಸಿಕೊಂಡು ಬಂದಿದ್ದಳು.

"ಆಮೇಲೆ?"

"ತೊಡಿ ಬಾಳ ನೋಯ್ತೈತಿ ಅಂದ್ಳ್ರಿ. ಕುರುಗೋಡಿನಾಗ ಆ ಆಸ್ಪತ್ರಿಯವರ್ದೇ ಕ್ಲಿನಿಕ್ ಐತಲ್ರಿ, ಹತ್ತನೇ ತಾರೀಕು ಅಲ್ಲಿಗೆ ಕಳಿಸಿದ್ನಿ. ಸ್ಕ್ಯಾನ್ ರಿಪೋರ್ಟ್ ಚಲೋ ಬಂತು. ಸುಳ್ಳೇ ನರಳಬ್ಯಾಡ ಅಂತ ಬೈದು ಗದ್ದಿಗೆ ಅಟ್ಟಿದ್ನಿ." ಅವನು ತಲೆ ಎತ್ತಲಿಲ್ಲ. "ನಾನೇ ಕೊಂದ್ನೇನ್ರಿ, ಮೇಡಂ?"

ಸರೋಜಾ ಅಸಹಜ ಸಾವೆಂದು ದಾಖಲಿಸಿಕೊಂಡು ಶವವನ್ನು ಮರಣೋತ್ತರ ಪರೀಕ್ಷೆಗೆ ಸಿರುಗುಪ್ಪಕ್ಕೆ ಕಳಿಸಿದಳು. ಸಂಜೆ ವೈದ್ಯರು ಹೇಳಿದರು: ತೊಡೆಯಲ್ಲಿ ಹೆಪ್ಪುಗಟ್ಟಿದ ರಕ್ತ ಮೇಲೇರಿ ಶ್ವಾಸಕೋಶದಲ್ಲಿ ಸಿಕ್ಕಿಕೊಂಡಿದೆ. ಅಂಟು ಹಾಕಿದ ಮೇಲೆ ಅಪರೂಪಕ್ಕೆ ಹೀಗಾಗುತ್ತದೆ. ಸ್ಕ್ಯಾನಿನಲ್ಲಿ ಆಗಲೇ ಕಂಡಿದ್ದರೆ ಔಷಧಿಯಿತ್ತು. ಆದರೆ ಹತ್ತನೇ ತಾರೀಕಿನ ವರದಿಯಲ್ಲಿ 'ಹೆಪ್ಪು ಇಲ್ಲ' ಎಂದಿತ್ತು.

ಮರುದಿನ ಬೆಳಿಗ್ಗೆ ಹನ್ನೊಂದು ಗಂಟೆಗೆ ಸರೋಜಾ, ಹೆಡ್ ಕಾನ್ಸ್‌ಟೇಬಲ್ ಸುಂಕಪ್ಪ ಕುರುಗೋಡಿನ ಕ್ಲಿನಿಕ್ ತಲುಪಿದರು. ಡಾಕ್ಟರು ವಾರಕ್ಕೊಮ್ಮೆ ಬರುವವರು, ಈ ವಾರ ಅದೂ ಇಲ್ಲ. ಎಲ್ಲವೂ ನರ್ಸ್ ವಿಜಯಲಕ್ಷ್ಮಿಯ ಕೈಯಲ್ಲೇ. ಒಳಕೋಣೆಯ ಸ್ಕ್ಯಾನ್ ಯಂತ್ರಕ್ಕೆ ಬಟ್ಟೆ ಸುತ್ತಿ ಅರಗಿನ ಮೊಹರು ಒತ್ತಿದ್ದರು. ಲಿಂಗಪತ್ತೆ ತಡೆಯಲು ಇಡಬೇಕಾದ ಗರ್ಭಿಣಿಯರ ರಿಜಿಸ್ಟರ್ ಸರಿಯಿಲ್ಲವೆಂದು ಆರೋಗ್ಯ ಇಲಾಖೆಯವರು ಜಪ್ತಿ ಮಾಡಿದ್ದ ಪಂಚನಾಮೆಯ ಪ್ರತಿ ಅದರ ಮೇಲಿತ್ತು. ಸುಂಕಪ್ಪ ಎರಡು ಸಲ ಓದಿದ. "ತಾರೀಕು ಎಂಟು ಐತ್ರಿ, ಮೇಡಂ."

"ಎಂಟಕ್ಕ ಮೊಹರು ಬಿದ್ದ ಮಷೀನು ಹತ್ತಕ್ಕ ಹ್ಯಾಂಗ ಸ್ಕ್ಯಾನ್ ಮಾಡ್ತಮ್ಮ?" ಸರೋಜಾ ನರ್ಸ್ ಕಡೆ ತಿರುಗಿದಳು.

"ಮಾಡಿಲ್ರಿ," ಎಂದಳು ವಿಜಯಲಕ್ಷ್ಮಿ.

"ರಿಪೋರ್ಟಿನಾಗಿನ ಚಿತ್ರ ಯಾರದು?"

"ಹೋದ ತಿಂಗಳು ಬಂದಿದ್ದ ಒಬ್ಬಾಕೀದ್ರಿ. ಹೆಸರು ಬದಲಿಸಿ, ಡಾಕ್ಟರ ಸಹಿ ನಾನೇ ಹಾಕಿದ್ನಿ."

"ಬಳ್ಳಾರಿಗೆ ಕಳಿಸಬೇಕಿತ್ತು."

"ಮೊಹರಿನ ಸುದ್ದಿ ಡಾಕ್ಟರಿಗೆ ಹೇಳಿರಲಿಲ್ರಿ, ಕಳಿಸಿದ್ರ ತಿಳೀತಿತ್ತು. ರಿಜಿಸ್ಟರ್ ಬರಿಯಾಕಿ ನಾನು. ಕೆಲಸದಿಂದ ತೆಗೀತಿದ್ರು."

ಖೋಟಾ ದಾಖಲೆ, ನಿರ್ಲಕ್ಷ್ಯದಿಂದ ಸಾವು ಎಂದು ಮಧ್ಯಾಹ್ನ ಎರಡು ಗಂಟೆಗೆ ಎಫ್‌ಐಆರ್ ಆಯಿತು, ನಾಲ್ಕಕ್ಕೆ ಬಂಧನ. ಸಹಿ ಹಾಕಲು ಕುಳಿತ ವಿಜಯಲಕ್ಷ್ಮಿಯ ಮೀನಖಂಡದ ಮೇಲೆ ನೀಲಿ ನರಗಳು ಗಂಟುಗಂಟಾಗಿ ಕಂಡವು.

"ಹದಿನೆಂಟು ವರ್ಷ ನಿಂತೇ ದುಡಿದೀನ್ರಿ. ಅಂಟಿನ ಚಿಕಿತ್ಸೆ ಸಿಬ್ಬಂದಿಗೆ ಪುಕ್ಕಟೆ ಮಾಡ್ತೀವಿ ಅಂದಿದ್ರು. ಇಪ್ಪತ್ತನೇ ತಾರೀಕು ನನ್ನ ಪಾಳಿ ಇತ್ತು."

ಸರೋಜಾ ಸಹಿ ಹಾಕುವ ಜಾಗ ತೋರಿಸಿದಳು.

ಸಂಜೆ ಹೊನ್ನೂರಸ್ವಾಮಿಯನ್ನು ಕರೆಸಿ ಎಲ್ಲ ಹೇಳಿದಳು. "ನೀವು ಕೊಂದಿಲ್ಲ. ಕಾಗದ ಸುಳ್ಳಿತ್ತು."



"ಕಾಗದ ಸುಳ್ಳಿತ್ತು ಖರೇರಿ. ಪಾರಿ ನೋವು ಖರೇನ ಇತ್ತಲ್ರಿ. ನಾ ಕಾಗದ ನಂಬಿದ್ನಿ."