ಅಡ್ಡತೊಲೆಯ ಹಿಂಬದಿ

೧೯೯೬ರ ಮಾರ್ಚ್ ೧೨, ಬೆಳಿಗ್ಗೆ ಏಳೂ ನಲವತ್ತು. ತಮಿಳುನಾಡಿನ ಕಂಬೈನಲ್ಲೂರು ಠಾಣೆಗೆ ಬಂದ ಫಾದರ್ ಕೂರುವ ಮೊದಲೇ ದೂರಿನ ಕಾಗದವನ್ನು ಮೇಜಿಗೆ ಬಡಿದರು. ಮರದ ಚರ್ಚಿನ ಬಾಗಿಲ ಮೇಲಿದ್ದ ತೇಗದ ಅಡ್ಡತೊಲೆ ಕಳುವಾಗಿತ್ತು. ಭಾನುವಾರ ಚರ್ಚಿಗೆ ನೂರು ತುಂಬುವ ಹಬ್ಬ.

"ನಿಮ್ಮ ಕನ್ನಡ ಜನರದೇ ಕೆಲಸ."

"ನಮ್ಮ ಜನ ಅಂದ್ರೆ ಪೊಲೀಸರಾ?" ಎಂದ ಇನ್ಸ್‌ಪೆಕ್ಟರ್ ವ್ಯಾಸರಾಜ. ಎಂಟಕ್ಕೆ ಎಫ್‌ಐಆರ್ ಆಯಿತು.

ಒಂದು ಕಬ್ಬಿಣದ ಮೊಳೆಯೂ ಇಲ್ಲದೆ, ಮರಕ್ಕೆ ಮರ ಕೂರಿಸಿ, ಮರದ ಗೂಟ ಹೊಡೆದು ನಿಲ್ಲಿಸಿದ ಚರ್ಚು ಅದು. ಬಾಗಿಲ ಪಕ್ಕ ನೆಟ್ಟ ಹೊಸ ಕಲ್ಲಿನಲ್ಲಿ, ಚರ್ಚು ಕಟ್ಟಿಸಿದ ರೈಲ್ವೆ ದೊರೆಯ ಹೆಸರು, ಅದರ ಕೆಳಗೆ ಫಾದರ್ ಹೆಸರು.

ಕಾನ್‌ಸ್ಟೇಬಲ್ ಪಳನಿಸ್ವಾಮಿ ಆ ಬಾಗಿಲಿಗೆ ಒರಗಿಸಿದ ಏಣಿಯ ಮೇಲಿಂದ ಗೊಣಗಿದ: "ಎಂತಾ ಕಳ್ಳ ಸಾರ್ ಇವ್ನು? ಕಿತ್ತ ಜಾಗಕ್ಕೆ ಬೇರೆ ತೊಲೆ ಕೂರ್ಸಿ ಓಗವ್ನೆ. ಕೂದ್ಲು ತೂರಲ್ಲ, ಅಷ್ಟು ಕರೆಕ್ಟು."

ಅಂದರೆ ಅಳತೆ ಮೊದಲೇ ತೆಗೆದವನು. ವ್ಯಾಸರಾಜ ಫಾದರ್ ಕಡೆ ತಿರುಗಿದ. "ಈಚೆಗೆ ಇಲ್ಲಿ ಮರಗೆಲಸ ಮಾಡಿದ್ದು ಯಾರು?"

"ಬಡಗಿ ಗೋವಿಂದಪ್ಪ. ಬಾಯಿ ಜಾಸ್ತಿ, ಓಡಿಸಿದೆ. ಕಲ್ಲಲ್ಲಿ ಅವನ ತಾತನ ಹೆಸರೂ ಬೇಕಂತೆ. ಕಟ್ಟಿದ ಕೂಲಿಯವರ ಹೆಸರೆಲ್ಲ ಹಾಕೋಕೆ ಅದೇನು ರೇಷನ್ ಕಾರ್ಡಾ?"

ಹನ್ನೊಂದೂವರೆಗೆ ಜೀಪು ಮೊರಪ್ಪೂರು ರಸ್ತೆಯ ಬಡಗಿ ಕೊಟ್ಟಿಗೆ ಮುಂದೆ ನಿಂತಿತು. ಗೋವಿಂದಪ್ಪ ಉಳಿ ಕೆಳಗಿಡಲಿಲ್ಲ.

"ತೊಲೆ ಎಲ್ಲಿ? ನಿನ್ನ ತಾತನ್ನ ಕೇಳಬೇಕಾ?"

"ಕೇಳ್ ಓಗಿ ಸಾರ್. ಅದ್ರಲ್ಲೇ ಅವ್ನೆ."

ಗೋಣಿಚೀಲಗಳ ಕೆಳಗೆ ತೊಲೆ ಸಿಕ್ಕಿತು. ನೂರು ವರ್ಷ ಗೋಡೆಗೆ ಒತ್ತಿಕೊಂಡಿದ್ದ ಹಿಂಬದಿಯಲ್ಲಿ ಕನ್ನಡ ಅಕ್ಷರ: ರಾಮಪ್ಪ ಮಾಡಿದ್ದು.

"ಯಾಕೆ ಕದ್ದೆ?"

"ಹೆಸ್ರು ಬೇಡ ಅಂದೋರಿಗೆ ತೊಲೆ ಯಾತಕ್ಕೆ?"

ಪಳನಿಸ್ವಾಮಿ ತಮಿಳಿನಲ್ಲಿ ಪಂಚನಾಮೆ ಬರೆದು ಓದಿ ಹೇಳಿದ: ತೇಗದ ತೊಲೆ ಒಂದು, ಹಿಂಬದಿ ಗೀಚಿದ ಗುರುತು.

"ಸೈನ್ ಆಕಲ್ಲ," ಎಂದ ಗೋವಿಂದಪ್ಪ. "ಗುರುತಲ್ಲ ಅದು, ಹೆಸ್ರು."

"ನಿಂಗೆ ಕನ್ನಡ ಓದಕ್ಕೆ ಬರತ್ತಾ?" ಎಂದ ವ್ಯಾಸರಾಜ.

"ಇಲ್ಲ. ನಮ್ಮವ್ವ ಕೈ ಇಡ್ದು ಈ ಹೆಸ್ರಿನ ಅಕ್ಷರ ಮಾತ್ರ ತೋರ್ಸಿದ್ಲು. ನನ್ನ ಒಡೀರಿ ಬೇಕಾದ್ರೆ, ಸೈನ್ ಆಕಲ್ಲ."

ವ್ಯಾಸರಾಜ ಪಳನಿಸ್ವಾಮಿಯ ಕೈಯಿಂದ ಪೆನ್ನು ಕಿತ್ತುಕೊಂಡು, ಸಾಲು ಹೊಡೆದುಹಾಕಿ, ಹೆಸರನ್ನು ಕನ್ನಡದಲ್ಲೇ ಬರೆದ. ಗೋವಿಂದಪ್ಪ ಆ ಅಕ್ಷರಗಳನ್ನು ತೊಲೆಯ ಜೊತೆ ಒಂದೊಂದಾಗಿ ಹೋಲಿಸಿ ನೋಡಿ, ಆಮೇಲೆ ಸಹಿ ಹಾಕಿದ. ಮಧ್ಯಾಹ್ನ ಒಂದೂಕಾಲಿಗೆ ಬಂಧನ.

ಜೀಪಿನಲ್ಲಿ ವ್ಯಾಸರಾಜ ಕೇಳಿದ, "ಚರ್ಚಲ್ಲಿ ಕೂರಿಸಿದ್ಯಲ್ಲ ಹೊಸ ತೊಲೆ, ಅದರ ಹಿಂದೆ?"

"ಅದೇ ಹೆಸ್ರು."

ಭಾನುವಾರದ ಹಬ್ಬ ಆ ಹೊಸ ತೊಲೆಯ ಕೆಳಗೇ ನಡೆಯಿತು. ವ್ಯಾಸರಾಜ ತನ್ನ ವರದಿಯಲ್ಲಿ ಅದರ ಹಿಂಬದಿಯ ಬಗ್ಗೆ ಏನೂ ಬರೆದಿರಲಿಲ್ಲ.